8 ಮೀಟರ್ ಸಬ್‌ವೂಫರ್ ಕೇಬಲ್: ತಾಮ್ರದ ಜಾಲರಿಯ ಆರ್‌ಜಿ-6, ಲೋಹದ ಆರ್‌ಸಿಎ ಪಿನ್, ಬಹಳ ದಿನ ಬಳಸಿದ ಮೇಲೆ

ಧಾರವಾಡದ ಮನೆ. ಪಡಸಾಲೆಯಲ್ಲಿ ಟಿವಿ ಪಕ್ಕ ಎವಿ ರಿಸೀವರ್ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಯಂತ್ರ), ಎದುರು ಮೂಲೆಯಲ್ಲಿ 10 ಇಂಚಿನ ಆಕ್ಟಿವ್, ಅಂದರೆ ಒಳಗೇ ಆಂಪ್ಲಿಫೈಯರ್ ಇರುವ ಸಬ್‌ವೂಫರ್, ನಡುವೆ ಗೋಡೆಗುಂಟ 8 ಮೀಟರ್ ಕೇಬಲ್. ಈ ವಿಮರ್ಶೆ ಆ ಕೇಬಲ್ಲಿನದು: ಮೀಟರ್ ಲೆಕ್ಕದಲ್ಲಿ ಕೊಂಡ ಆರ್‌ಜಿ-6 ಮಾದರಿಯ ಕೋಆಕ್ಸ್ (ನಡುವೆ ಒಂದು ತಂತಿ, ಅದರ ಸುತ್ತ ಲೋಹದ ಜಾಲರಿ ಇರುವ ಕೇಬಲ್), ಎರಡೂ ತುದಿಗೆ ಬೆಸುಗೆ ಹಾಕಿದ ಲೋಹದ ಆರ್‌ಸಿಎ ಪಿನ್. ವಾಲ್ಯೂಮ್ ಏರಿಸಿ, ಹಾಡು ನಿಲ್ಲಿಸಿ, ಸಬ್ಬಿನ ಕೋನಿಗೆ ಕಿವಿ ಹಚ್ಚಿದರೂ ಗುಂಯ್ ಅನ್ನುವ ಸದ್ದಿಲ್ಲ. ಸಬ್‌ವೂಫರ್ ಕೇಬಲ್ಲಿನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವಂಥದ್ದು ಏನೂ ಇಲ್ಲ. ರೆಡಿಮೇಡ್ ಕೇಬಲ್ಲಿನ ಡಬ್ಬಿಯ ಮೇಲೆ ಅಚ್ಚು ಹಾಕುವ ‘ಆಕ್ಸಿಜನ್ ಫ್ರೀ ಕಾಪರ್’, ಬಾಣದ ಗುರುತು, ಹೆಣೆದ ನೈಲಾನ್ ಕವಚ, ಇವು ಯಾವುವೂ ಬಾಸ್ ಹೆಚ್ಚಿಸುವುದಿಲ್ಲ.

ದುಡ್ಡು ಹಾಕಬೇಕಾದ್ದು ಶೀಲ್ಡಿಗೆ, ಅಂದರೆ ನಡುತಂತಿಯನ್ನು ಸುತ್ತುವರಿದ ಲೋಹದ ಜಾಲರಿಗೆ. ಆರ್‌ಸಿಎ ಜೋಡಣೆಯಲ್ಲಿ ಸಿಗ್ನಲ್ ಹಿಂದಿರುಗುವ ದಾರಿಯೂ ಶೀಲ್ಡೇ, ಎರಡು ಯಂತ್ರಗಳ ಅರ್ಥ್ ನಡುವಿನ ಸಣ್ಣ ಕರೆಂಟ್ ಹರಿಯುವ ದಾರಿಯೂ ಅದೇ. ಶೀಲ್ಡಿನ ರೋಧ 1 ಓಮ್ ಇದ್ದು ಅದರಲ್ಲಿ 1 ಮಿಲಿಆಂಪಿಯರ್ ಹರಿಯಿತು ಎನ್ನಿ, 1 ಮಿಲಿವೋಲ್ಟ್ ಹಮ್ (ಆ ಗುಂಯ್ ಸದ್ದು) ಸೀದಾ ಸಿಗ್ನಲ್‌ಗೆ ಸೇರುತ್ತದೆ. ರೋಧ 0.1 ಓಮ್‌ಗೆ ಇಳಿದರೆ ಹಮ್ಮೂ ಹತ್ತನೇ ಒಂದು ಪಾಲಾಗುತ್ತದೆ, ಅಂದರೆ 20 ಡೆಸಿಬೆಲ್ ಕಡಿಮೆ. ನಮ್ಮ ಕರೆಂಟಿನ ಹಮ್ 50 ಮತ್ತು 100 ಹರ್ಟ್ಜ್. ಸಬ್ ನುಡಿಸುವುದೇ ಸುಮಾರು 120 ಹರ್ಟ್ಜ್ ಒಳಗೆ. ಸಣ್ಣ ಸ್ಪೀಕರ್‌ನಲ್ಲಿ ಕೇಳಿಸದೇ ಉಳಿಯುವ ಹಮ್ ಸಬ್ಬಿನಲ್ಲಿ ಎದ್ದು ಕಾಣುವುದು ಇದೇ ಕಾರಣಕ್ಕೆ.

ಹುಬ್ಬಳ್ಳಿಯ ಕೊಪ್ಪಿಕರ ರೋಡ್ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಸಬ್ಬಿಗೆ ಕೇಬಲ್ ಬೇಕೆಂದರೆ ಮೂರು ನಮೂನೆ ಮುಂದೆ ಬರುತ್ತವೆ. ಮೊದಲನೆಯದು ಎರಡೂ ಕಡೆ ಮೋಲ್ಡೆಡ್ ಪಿನ್ನಿನ ತೆಳ್ಳನೆ ವೈರ್. ಇದರ ಶೀಲ್ಡ್ ಬಹಳ ಸಲ ನಾಲ್ಕಾರು ಎಳೆಗಳ ಸುತ್ತು ಅಷ್ಟೇ. 1 ಮೀಟರ್‌ಗೆ ನಡೆಯುತ್ತದೆ, 8 ಮೀಟರ್‌ಗೆ ಬೇಡ. ಎರಡನೆಯದು ಸಿಸಿಟಿವಿಯ 3+1. ಒಳಗಿನ ಕೋಆಕ್ಸ್ ಸಪೂರ, ಜಾಲರಿ ವಿರಳ, ಜೊತೆಗೆ ಬೇಡವಾದ ಮೂರು ವೈರ್ ಹೊರಬೇಕು. ಮೂರನೆಯದು ಡಿಶ್ ಕೇಬಲ್. ಆರ್‌ಜಿ-6 ಅಂತಲೇ ಬರೆದಿರುತ್ತದೆ, ಆದರೆ ಜಾಲರಿ ಅಲ್ಯೂಮಿನಿಯಂ. ಮಾಮೂಲಿ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ, ಕ್ರಿಂಪ್ ಅಥವಾ ಕಂಪ್ರೆಶನ್ ಪಿನ್ನೇ ಆಗಬೇಕು.

‘ಇದ ಪ್ಯೂರ್ ಕಾಪರ್ ಐತ್ರಿ’ ಎಂಬ ಮಾತು ಕೇಳಿದಾಗ ತುದಿಯ ಒಂದಿಂಚು ಸುಲಿಸಿ ನೋಡಿ. ಜಾಲರಿಯ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಕೆಂಪು ಕಾಣಬೇಕು. ಕಲಾಯಿ ಹಾಕಿದ ತಾಮ್ರವೂ ಮೇಲ್ನೋಟಕ್ಕೆ ಬಿಳಿಯೇ, ಹಾಗಾಗಿ ಬಣ್ಣ ನೋಡಿ ತಳ್ಳಿಹಾಕಬೇಡಿ. ನಡುವಿನ ತಂತಿಗೆ ಅಯಸ್ಕಾಂತ ಹಿಡಿದು ಉಕ್ಕೋ ತಾಮ್ರವೋ ನೋಡುವವರೂ ಉಂಟು. ಇಲ್ಲಿ ಅದು ಅನಗತ್ಯ. ಸಬ್ಬಿನ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೋಓಮ್‌ ಮತ್ತು ಮೇಲೆ, ಅದರೆದುರು ನಡುತಂತಿಯ ಒಂದು ಓಮ್ ಯಾವ ಲೆಕ್ಕ? ಮಲ್ಟಿಮೀಟರ್ ಇದ್ದರೆ ಕೇಬಲ್ ಸುರುಳಿಯಲ್ಲಿರುವಾಗಲೇ ಶೀಲ್ಡಿನ ಈ ತುದಿಯಿಂದ ಆ ತುದಿಗೆ ಅಳೆಯಿರಿ, ಎರಡು ಪ್ರೋಬ್ ಕೂಡಿಸಿದಾಗ ತೋರುವ ಅಂಕಿ ಕಳೆಯಿರಿ. ಒಳ್ಳೆಯ ತಾಮ್ರದ ಜಾಲರಿಯಾದರೆ 8 ಮೀಟರ್‌ಗೆ 0.1 ಓಮ್ ಆಸುಪಾಸು. ಹೋಲಿಕೆಗೆ ಬೆಲ್ಡನ್ 1694ಎ ನೋಡಬಹುದು: ತಾಮ್ರದ ನಡುತಂತಿ, ಫಾಯಿಲ್, ಅದರ ಮೇಲೆ 95% ಮುಚ್ಚುವ ಕಲಾಯಿ ತಾಮ್ರದ ಜಾಲರಿ. ಆ ರಚನೆ ಇರುವ ಯಾವ ಕೇಬಲ್ ಆದರೂ ಸರಿ.

ಉದ್ದದ ಕೇಬಲ್ಲಿನ ಕೆಪ್ಯಾಸಿಟನ್ಸ್ (ಮೇಲಿನ ಫ್ರೀಕ್ವೆನ್ಸಿಗಳನ್ನು ತಗ್ಗಿಸುವ ಗುಣ) ಬಗ್ಗೆ ಚಿಂತೆ ಬಿಡಿ. ಮೀಟರ್‌ಗೆ 60 ಪಿಕೋಫ್ಯಾರಡ್ ಹಿಡಿದರೂ 10 ಮೀಟರ್‌ಗೆ 600. ರಿಸೀವರಿನ ಔಟ್‌ಪುಟ್ 1 ಕಿಲೋಓಮ್ ಇದ್ದರೆ ಕಡಿತ ಶುರುವಾಗುವುದು 265 ಕಿಲೋಹರ್ಟ್ಜ್ ಹತ್ತಿರ, ಸಬ್ಬಿನ 120 ಹರ್ಟ್ಜ್‌ಗಿಂತ ಎಷ್ಟೋ ಮೇಲೆ.

ಪಿನ್ ಕೊಳ್ಳುವಾಗ ಚಿನ್ನದ ಬಣ್ಣಕ್ಕಿಂತ ಹಿಂಬಾಯಿಯ ಅಳತೆ ಮುಖ್ಯ. ಆರ್‌ಜಿ-6 ಹೊರದಪ್ಪ ಸುಮಾರು 7 ಮಿ.ಮೀ., ಆರ್‌ಜಿ-59 ಸುಮಾರು 6. ಎಷ್ಟೋ ಪಿನ್ನುಗಳ ಬಾಯಿ 6ಕ್ಕೇ ನಿಲ್ಲುತ್ತದೆ, ಆಮೇಲೆ ಕವಚ ಕೆತ್ತಿ ತುರುಕುವ ಪ್ರಸಂಗ. ಹಿಡಿತವೂ ಹದವಾಗಿರಬೇಕು. ಸಡಿಲಾದರೆ ಸಬ್ ನಡುಗಿದಂತೆಲ್ಲ ಕರಕರ. ಅತಿ ಬಿಗಿಯಾದರೆ ಎಳೆಯುವಾಗ ಸಬ್ಬಿನ ಸಾಕೆಟ್ಟೇ ಕಿತ್ತು ಬರುತ್ತದೆ.

ಬೆಸುಗೆಗೆ 40 ರಿಂದ 60 ವ್ಯಾಟ್ ಐರನ್, 60/40 ಸೀಸ. ಮೊದಲು ಪಿನ್ನಿನ ಮುಚ್ಚಳ ಮತ್ತು ಹೀಟ್ ಶ್ರಿಂಕ್ ಕೇಬಲ್ಲಿಗೆ ಪೋಣಿಸಿ. ಮರೆತರೆ ಬೆಸುಗೆ ಬಿಚ್ಚುವುದೇ ಗತಿ. ಹೊರಕವಚ 15 ಮಿ.ಮೀ. ಸುಲಿದು ಜಾಲರಿಯನ್ನು ಬಿಡಿಸಿ ಒಂದು ಬದಿಗೆ ಹೊಸೆಯಿರಿ. ಫಾಯಿಲನ್ನು ಕವಚದ ಅಂಚಿನವರೆಗೂ ಕತ್ತರಿಸಿ, ಅದರ ಒಂದು ಚೂರು ನಡುಪಿನ್ನಿಗೆ ತಗುಲಿದರೂ ಶಾರ್ಟ್. ನಡುತಂತಿ 6 ಮಿ.ಮೀ. ಬರಿದಾಗಿಸಿ. ಇಲ್ಲೊಂದು ಉಪಾಯ: ಪಿನ್ನನ್ನು ಹಳೆಯ ಸಾಕೆಟ್ಟೊಂದಕ್ಕೆ ಚುಚ್ಚಿಟ್ಟು ಬೆಸೆಯಿರಿ. ಒಳಗಿನ ಪ್ಲಾಸ್ಟಿಕ್ ಕರಗಿ ನಡುಪಿನ್ ವಾಲುವುದು ತಪ್ಪುತ್ತದೆ, ಬಿಸಿಯ ಒಂದಂಶವನ್ನು ಸಾಕೆಟ್ ಹೀರುತ್ತದೆ. ಜಾಲರಿ ಬೆಸೆಯುವ ಕಿವಿ ದಪ್ಪ ಲೋಹ, ಕಾಯಲು ತಡ. 25 ವ್ಯಾಟಿನ ಐರನ್ ಹಿಡಿದು ಕೂತರೆ ಸೀಸ ಮಂಕಾಗಿ ಕೂರುತ್ತದೆ, ಅಷ್ಟರಲ್ಲಿ ನಡುತಂತಿಯ ಫೋಮ್ ಮೆತ್ತಗಾಗಿ ಜರುಗುತ್ತದೆ. ಕೊನೆಗೆ ಮಲ್ಟಿಮೀಟರ್ ಬೀಪ್: ನಡುವಿನಿಂದ ನಡುವಿಗೆ ಬರಬೇಕು, ಶೀಲ್ಡಿನಿಂದ ಶೀಲ್ಡಿಗೆ ಬರಬೇಕು, ನಡುವಿನಿಂದ ಶೀಲ್ಡಿಗೆ ಬರಬಾರದು. ಪಿನ್ ಅಲ್ಲಾಡಿಸುತ್ತ ನೋಡಿ.

ಪೈಪಿನಲ್ಲಿ ಹಾಯಿಸುವವರು ಪಿನ್ ಹಾಕುವ ಮೊದಲೇ ಎಳೆದುಬಿಡಿ, 20 ಮಿ.ಮೀ. ಪಿವಿಸಿ ಪೈಪಿನ ಬೆಂಡಿನಲ್ಲಿ ಪಿನ್ ಸಿಕ್ಕಿಕೊಳ್ಳುತ್ತದೆ. ಕರೆಂಟ್ ವೈರಿನಿಂದ ಒಂದಡಿ ದೂರ, ದಾಟಲೇಬೇಕಾದಲ್ಲಿ ಅಡ್ಡಕ್ಕೆ ದಾಟಿಸಿ. ಇಲಿಕಾಟ ಇರುವ ಹಳೇ ಮನೆಗಳಲ್ಲಿ ಪೈಪ್ ಇಲ್ಲದೆ ಬಿಡಲೇಬೇಡಿ.

ಇಷ್ಟಾದರೂ ಹಮ್ ಬಂದರೆ ಕೇಬಲ್ ಬದಲಿಸುವ ಮುಂಚೆ ಸಬ್ಬಿನ ಕಡೆಯ ಪಿನ್ ಕಿತ್ತು ನೋಡಿ. ಆಗಲೂ ಹಮ್ ಇದ್ದರೆ ದೋಷ ಸಬ್ಬಿನದೇ. ನಿಂತರೆ ಪಿನ್ ಮತ್ತೆ ಹಾಕಿ, ಸೆಟ್‌ಟಾಪ್ ಬಾಕ್ಸಿನ ಆಂಟೆನಾ ವೈರ್ ಬಿಚ್ಚಿ. ಕೇಬಲ್ ಟಿವಿ ಮನೆಗಳಲ್ಲಿ ಬಹುಪಾಲು ಕಳ್ಳ ಸಿಗುವುದು ಇಲ್ಲೇ. ಆ ಲೈನಿಗೆ ಗ್ಯಾಲ್ವನಿಕ್ ಐಸೊಲೇಟರ್ (ಸಿಗ್ನಲನ್ನು ಹಾಯಿಸಿ ಅರ್ಥ್ ಕರೆಂಟ್ ತಡೆಯುವ ಸಣ್ಣ ಸಾಧನ) ಹಾಕಿದರೆ ತೀರಿತು. ಡಿಶ್ ಲೈನಿಗೆ ಮಾತ್ರ ಅದನ್ನು ಹಾಕಬಾರದು: ಡಿಶ್ಶಿನ ಮುಂದಿರುವ ಎಲ್‌ಎನ್‌ಬಿ ಎಂಬ ಭಾಗಕ್ಕೆ ಹೋಗುವ 13/18 ವೋಲ್ಟ್ ಡಿಸಿ ಕಡಿದು ಚಿತ್ರವೇ ಬರುವುದಿಲ್ಲ. ರಿಸೀವರ್ ಮತ್ತು ಸಬ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿಯೂ ನೋಡಿ. ಮೂರು ಪಿನ್ ಪ್ಲಗ್ಗಿನ ಅರ್ಥ್ ಕಡ್ಡಿ ಮುರಿಯುವ ‘ಪರಿಹಾರ’ ಕೆಲವು ಮೆಕ್ಯಾನಿಕ್‌ಗಳು ಹೇಳುತ್ತಾರೆ. ಹಮ್ ಹೋಗಬಹುದು, ಸಬ್ಬಿನೊಳಗೆ ಕರೆಂಟ್ ಲೀಕ್ ಆದ ದಿನ 230 ವೋಲ್ಟ್ ಲೋಹದ ಪ್ಲೇಟಿನ ಮೇಲೆ ಕೂತಿರುತ್ತದೆ. ಗದಗ, ಅಣ್ಣಿಗೇರಿ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಫ್ರಿಜ್ ಮುಟ್ಟಿದರೆ ಚುರ್ ಅನ್ನುತ್ತಿದ್ದರೆ ಮೊದಲು ಅರ್ಥ್ ಗುಂಡಿಗೆ ನೀರು ಹಾಕಿಸಿ, ಆಮೇಲೆ ಆಡಿಯೋ ಮಾತು.

ಪ್ಯಾಸಿವ್ ಸಬ್ (ಒಳಗೆ ಆಂಪ್ಲಿಫೈಯರ್ ಇಲ್ಲದ್ದು) ಇಟ್ಟವರಿಗೆ ಇದಾವುದೂ ಅನ್ವಯಿಸದು, ಅಲ್ಲಿ ಬೇಕಾದ್ದು ದಪ್ಪ ಸ್ಪೀಕರ್ ವೈರ್. 4 ಓಮ್ ಸಬ್, 5 ಮೀಟರ್ ದೂರ ಎಂದರೆ ಹೋಗಿ ಬರಲು 10 ಮೀಟರ್ ತಂತಿ: 0.75 ಚದರ ಮಿ.ಮೀ. ವೈರಿನಲ್ಲಿ 0.26 ಓಮ್, 2.5ರಲ್ಲಿ 0.08. ಎರಡನೆಯದನ್ನೇ ತನ್ನಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆದರೆ 1.5 ಎಂದು ಬರೆದಿದ್ದರೂ ಸಿಗುವುದು 1 ಚದರ ಮಿ.ಮೀ. ತಾಮ್ರದಷ್ಟೇ.

ಈ ಕೇಬಲ್ಲಿನ ಕೊರತೆ ಎರಡು. ಧಾರವಾಡದ ಮಳೆಗಾಲದ ತೇವಕ್ಕೆ ನಿಕಲ್ ಪಿನ್ ಮಬ್ಬಾಗುತ್ತದೆ. ಮಳೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ನಾಲ್ಕು ಸಲ ತಿರುವಿ ಹಾಕಿದರೆ ಸರಿಹೋಗುತ್ತದೆ. ಎರಡನೆಯದು ಬಿರುಸುತನ. ಒಂಟಿ ಗಟ್ಟಿ ತಂತಿಯ ಕೇಬಲ್ ಬಾಗಲು ಒಲ್ಲೆ ಅನ್ನುತ್ತದೆ, ಸಬ್ಬನ್ನು ಗೋಡೆಗೆ ಒತ್ತಿದರೆ ಭಾರವೆಲ್ಲ ಸಾಕೆಟ್ಟಿನ ಮೇಲೆ. ಹಿಂದೆ 15 ಸೆಂ.ಮೀ. ಜಾಗ ಬಿಡಲಾಗದಿದ್ದರೆ ಆರ್‌ಜಿ-59 ತೆಗೆದುಕೊಳ್ಳಿ, ಇಲ್ಲವೇ ಎಲ್ ಆಕಾರದ ಅಡಾಪ್ಟರ್ ಹಾಕಿ.