ಸೀಸವಿಲ್ಲದ ಮೂರು ಬೆಳಕಿನ ಪುಡಿಗಳು: ತವರ, ಬೆಳ್ಳಿ–ಸೋಡಿಯಂ, ಆಂಟಿಮನಿ

ಸೀಸದ ಹ್ಯಾಲೈಡ್ ಪೆರೊವ್‌ಸ್ಕೈಟ್‌ಗಳು (ಸೀಸವನ್ನು ಕ್ಲೋರಿನ್, ಬ್ರೋಮಿನ್‌ನಂಥ ಹ್ಯಾಲೊಜನ್ ಜೊತೆ ಹೊಂದಿರುವ, ಒಂದು ನಿರ್ದಿಷ್ಟ ಜೋಡಣೆಯ ಸ್ಫಟಿಕಗಳು) ಬೆಳಕು ಬೀರುವುದರಲ್ಲಿ ನಿಸ್ಸೀಮವಾದರೂ ತೇವ ತಗುಲಿದರೆ ಅವುಗಳಿಂದ ವಿಷಕಾರಿ ಸೀಸ ಹೊರಬರುತ್ತದೆ. ಅವುಗಳ ಜಾಗದಲ್ಲಿ ನಿಲ್ಲಬಲ್ಲ ಮೂರು ವಸ್ತುಗಳನ್ನು ಮಾನಸಗಂಗೋತ್ರಿಯ ನಮ್ಮ ಪ್ರಯೋಗಾಲಯದಲ್ಲಿ ಒಂದೇ ಕ್ರಮದಲ್ಲಿ ತಯಾರಿಸಿ ನೋಡಿದೆ: ಲವಣಗಳನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದೊಡನೆ ಟೆಫ್ಲಾನ್ ಒಳಪದರದ, ಬಿಗಿಯಾಗಿ ಮುಚ್ಚಿದ ಒತ್ತಡದ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ ಕಾಯಿಸಿ, ನಿಧಾನವಾಗಿ ತಣಿಸಿ, ಸೋಸಿ ಒಣಗಿಸುವುದು. ಹಗಲಿನಲ್ಲಿ ಮೂರೂ ಬಿಳಿ ಪುಡಿಗಳೇ. ವ್ಯತ್ಯಾಸ ಕಾಣುವುದು ಯುವಿ (ನೇರಳಾತೀತ) ಬೆಳಕಿನಲ್ಲಿ.

ಬಿಸ್ಮತ್ ಬೆರೆಸಿದ ಸೀಸಿಯಂ–ತವರ ಕ್ಲೋರೈಡ್ ಎಲ್ಲಕ್ಕಿಂತ ಸುಲಭ. ಬಿಸ್ಮತ್ ಇಲ್ಲದ ಪುಡಿ 365 ನ್ಯಾನೊಮೀಟರ್ ಟಾರ್ಚಿನ ಕೆಳಗೆ ಮಂಕಾಗಿಯೇ ಉಳಿದರೆ, ಬೆರೆಸಿದ್ದು ಸೋಸುಕಾಗದದ ಮೇಲೆ ಒದ್ದೆಯಾಗಿರುವಾಗಲೇ ಗಾಢ ನೀಲಿಯಾಗಿ ಹೊಳೆಯುತ್ತದೆ. ಅದು ಸೂಸುವ ಬೆಳಕಿನ ಶಿಖರ 455 ನ್ಯಾನೊಮೀಟರ್ ಬಳಿ. ಪ್ರಕಟಿತ ಕ್ವಾಂಟಂ ದಕ್ಷತೆ, ಅಂದರೆ ಹೀರಿದ ಬೆಳಕಿನ ಕಣಗಳಲ್ಲಿ ಮತ್ತೆ ಬೆಳಕಾಗಿ ಹೊರಬರುವ ಪಾಲು, ಶೇ. 79ರ ಆಸುಪಾಸು. ತವರ ಅಗ್ಗ, ಮಳೆಗಾಲದ ತೇವಕ್ಕೂ ಪುಡಿ ಜಗ್ಗುವುದಿಲ್ಲ. ಆದರೆ ನೀಲಿಯೊಂದರಿಂದ ಮನೆಯ ದೀಪವಾಗದು.

ಬೆಳ್ಳಿ–ಸೋಡಿಯಂ–ಇಂಡಿಯಂ ಕ್ಲೋರೈಡ್ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ ವಸ್ತು. ಬರೀ ಬೆಳ್ಳಿ–ಇಂಡಿಯಂ ರೂಪದಲ್ಲಿ, ಸ್ಫಟಿಕದ ಸಮಮಿತಿಯ ಕಾರಣದಿಂದ, ಬೆಳಕು ಹೊಮ್ಮುವ ಹಾದಿಯೇ ನಿಷಿದ್ಧ. ಬೆಳ್ಳಿಯ ಒಂದು ಪಾಲನ್ನು ತೆಗೆದು ಸೋಡಿಯಂ ಇಟ್ಟಾಗ ಆ ನಿಷೇಧ ಸಡಿಲಗೊಂಡು, ಸ್ಫಟಿಕದ ಪರಮಾಣು ಜಾಲಕವನ್ನು ತಾನೇ ಬಾಗಿಸಿ ಅಲ್ಲೇ ಸಿಕ್ಕಿಕೊಂಡ ಎಲೆಕ್ಟ್ರಾನ್–ರಂಧ್ರ ಜೋಡಿ (ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಬಂದ ಖಾಲಿ ಜಾಗ) ಅಗಲವಾದ, ಬೆಚ್ಚನೆಯ ಬಿಳಿ ಬೆಳಕನ್ನು ಸೂಸುತ್ತದೆ. 2018ರಲ್ಲಿ ಶೇ. 40 ಸೋಡಿಯಂ ಮತ್ತು ಕೇವಲ ಶೇ. 0.04 ಬಿಸ್ಮತ್‌ನೊಂದಿಗೆ ಶೇ. 86ರಷ್ಟು ದಕ್ಷತೆ ವರದಿಯಾಯಿತು. ತಯಾರಿಕೆಯಲ್ಲಿ ಮಾತ್ರ ಇದು ಮುಂಗೋಪಿ: ಬೆಳ್ಳಿ ಕ್ಲೋರೈಡ್ ಪೂರ್ತಿ ಕರಗದೆ ಚೂರು ಉಳಿದರೂ ಕಿಟಕಿಯ ಬೆಳಕಿಗೆ ಪುಡಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇಂಡಿಯಂ ಬೆಲೆಯಂತೂ ಬಜೆಟ್ ನೋಡಿದವರಿಗೇ ಗೊತ್ತು. ಸೋಡಿಯಂ ಬದಲು ಮ್ಯಾಂಗನೀಸ್ ಬೆರೆಸಿದರೆ ಕಿತ್ತಳೆ–ಕೆಂಪು ಬರುತ್ತದೆ, ಆದರೆ ಮಂಕು, ಅದನ್ನು ಮುಂದುವರಿಸಲಿಲ್ಲ.

ಆಂಟಿಮನಿ ಬೆರೆಸಿದ ಸೋಡಿಯಂ–ಇಂಡಿಯಂ ಕ್ಲೋರೈಡನ್ನು ಟಾರ್ಚಿನಿಂದ ಅಳೆದರೆ ಅನ್ಯಾಯವಾಗುತ್ತದೆ. ಅದು ಹೀರುವ ಬೆಳಕು 320–335 ನ್ಯಾನೊಮೀಟರ್ ಸುತ್ತಲಿನದು. 365ರಲ್ಲಿ ಬಹುತೇಕ ನಿರ್ಜೀವ. ಡಿಎನ್‌ಎ ಜೆಲ್ ನೋಡುವ 312 ನ್ಯಾನೊಮೀಟರ್ ಪೀಠದ ಮೇಲೆ, ಸಾಧಾರಣ ಗಾಜು ಈ ಬೆಳಕನ್ನು ತಡೆಯುವುದರಿಂದ ಕ್ವಾರ್ಟ್ಜ್ ತಟ್ಟೆಯಲ್ಲಿಟ್ಟು ನೋಡಿದಾಗ, ತವರದ ಪುಡಿಗೆ ಸರಿಸಮನಾದ ನೀಲಿ ಎದ್ದು ಬಂತು.

ಹೀಗಾಗಿ ದಕ್ಷತೆಯ ಶೇಕಡಾವಾರನ್ನು ಮಾತ್ರ ನೋಡಿ ಆರಿಸುವುದು ನನಗೆ ಒಪ್ಪಿಗೆಯಿಲ್ಲ. ದೀಪ ಮಾಡುವವರಿಗೆ ಅಗ್ಗವಾಗಿ ಸಿಗುವ ಎಲ್‌ಇಡಿ ಚಿಪ್ 365 ನ್ಯಾನೊಮೀಟರಿನದು. ಅದರ ಮೇಲೆ ಬಿಳಿಗೆ ಬೆಳ್ಳಿ–ಸೋಡಿಯಂ, ನೀಲಿಗೆ ತವರ. ಆಂಟಿಮನಿಯನ್ನು ಗುಪ್ತ ಗುರುತಿನ ಶಾಯಿಯಂಥ ಕೆಲಸಕ್ಕೆ ಎತ್ತಿಡುತ್ತೇನೆ, ಅಲ್ಲಿ ಸಾಮಾನ್ಯ ಟಾರ್ಚಿಗೆ ಕಾಣದಿರುವುದೇ ಅನುಕೂಲ.