ಗೋಕರ್ಣದ ಕಡೆ ರೆಸಾರ್ಟ್ ಕೆಲಸಕ್ಕೆ ಹೊರಟವರು ಸ್ವಲ್ಪ ಓದಿ

ಮಳೆಗಾಲ ಮುಗಿಯುತ್ತಿದ್ದಂತೆ ಗೋಕರ್ಣ, ಮುರ್ಡೇಶ್ವರದ ರೆಸಾರ್ಟ್‌ಗಳಿಗೆ ಜನ ಬೇಕಾಗುತ್ತಾರೆ. ಶಿರಸಿ, ಸಿದ್ದಾಪುರದಿಂದ ಘಟ್ಟ ಇಳಿದು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಸೀಸನ್‌ನಲ್ಲಿ ನಾನು ಅಂಥ ಒಂದು ಕಡೆ ರಿಸೆಪ್ಷನ್‌ನಲ್ಲಿದ್ದೆ. ಹೆಸರು ಬೇಡ.

ಕೆಲಸ ಜಾಸ್ತಿ ಅಂತ ದೂರುತ್ತಿಲ್ಲ. ಸೀಸನ್ ಅಂದಮೇಲೆ ರಶ್ ಇರೋದೇ. ತೊಂದರೆ ಇದ್ದದ್ದು ನಡೆಸುವವರಲ್ಲಿ. ಬೆಂಗಳೂರಿನಲ್ಲಿರುವ ಮಾಲೀಕರು ಫೋನಲ್ಲಿ ಒಂದು ಹೇಳುತ್ತಾರೆ, ಮ್ಯಾನೇಜರ್ ಇನ್ನೊಂದು, ಮಾಲೀಕರ ಭಾವ ಬಂದರೆ ಮತ್ತೊಂದು. ಡಿಸೆಂಬರ್ ಕೊನೆಯಲ್ಲಿ ಒಂದೇ ರೂಮು ಇಬ್ಬರಿಗೆ ಹೋಗಿತ್ತು. ಒಬ್ಬರದು ಆನ್‌ಲೈನ್ ಬುಕಿಂಗ್, ಇನ್ನೊಬ್ಬರಿಗೆ ಭಾವ ಬಾಯಲ್ಲೇ ಒಪ್ಪಿಕೊಂಡಿದ್ದರು. ಹುಬ್ಬಳ್ಳಿಯಿಂದ ಬಂದ ಕುಟುಂಬ ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಕೌಂಟರ್ ಮುಂದೆ ನಿಂತಿತ್ತು. ಬೈಸಿಕೊಂಡದ್ದು ನಾನು. ಅವರು ಗೂಗಲ್‌ನಲ್ಲಿ ಒಂದೇ ಸ್ಟಾರ್ ಕೊಟ್ಟರು. ತಿಂಗಳ ಕೊನೆಗೆ ನನ್ನ ಸಂಬಳದಲ್ಲಿ ಸಾವಿರ ರೂಪಾಯಿ ಕಡಿತ! ದಂಡದ ಪುಸ್ತಕದಲ್ಲಿ ನನ್ನ ಹೆಸರಿನ ಎದುರು ಕೆಂಪು ಪೆನ್ನಿನಲ್ಲಿ 'ರಿವ್ಯೂ' ಅಂತ ಬರೆದಿತ್ತು.

ಕೇಳಿದ್ದಕ್ಕೆ ಮ್ಯಾನೇಜರ್, "ತಂಗಿ, ನಾವೆಲ್ಲ ಒಂದೇ ಮನೆಯವರಲ್ವಾ?" ಅಂದರು. ಯಾರ ಮನೆಯಲ್ಲಿ ದಂಡದ ಪುಸ್ತಕ ಇಡುತ್ತಾರೋ ಗೊತ್ತಿಲ್ಲ. ಗೆಸ್ಟ್ ಬ್ಯಾಗಿಗೆ ಹಾಕಿಕೊಂಡು ಹೋದ ಟವೆಲ್ಲಿಗೂ ರೂಮ್ ಕ್ಲೀನ್ ಮಾಡುವ ಅಕ್ಕನೇ ದುಡ್ಡು ಕಟ್ಟಬೇಕಿತ್ತು.

ಆಮೇಲೆ ಕಾನೂನು ಏನು ಹೇಳುತ್ತದೆ ಅಂತ ವಿಚಾರಿಸಿದೆ. ಯಾವ್ಯಾವ ತಪ್ಪಿಗೆ ದಂಡ ಅಂತ ಮೊದಲೇ ನೋಟಿಸ್ ಹಾಕಿರಬೇಕು. ದಂಡ ಹಾಕುವ ಮುಂಚೆ ನಮ್ಮ ಮಾತು ಕೇಳಬೇಕು. ದಂಡ ಎಲ್ಲ ಸೇರಿ ಆ ತಿಂಗಳ ಸಂಬಳದ ನೂರಕ್ಕೆ 3 ಮೀರುವಂತಿಲ್ಲ. ಅಲ್ಲಿ ಇದ್ಯಾವುದೂ ಇರಲಿಲ್ಲ. ದಿನಕ್ಕೆ 9 ಗಂಟೆ ಮೀರಿದರೆ ದುಪ್ಪಟ್ಟು ಕೂಲಿ ಅನ್ನೋ ಮಾತನ್ನಂತೂ ಯಾರೂ ಎತ್ತಲಿಲ್ಲ.

ಪಿಎಫ್ (ಭವಿಷ್ಯ ನಿಧಿ) ಕಥೆ ಇನ್ನೊಂದು. ಸಂಬಳದಿಂದ 12 ಪರ್ಸೆಂಟ್ ಹಿಡಿಯುತ್ತಿದ್ದರು, ಖಾತೆಗೆ ಮಾತ್ರ ಬೀಳುತ್ತಿರಲಿಲ್ಲ. ಹಿಡಿದದ್ದನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸರ್ಕಾರದ ಉಮಂಗ್ ಆಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡಿದರೆ ತಿಳಿಯುತ್ತದೆ. ಸೇರಿದ ಎರಡನೇ ತಿಂಗಳಿಗೇ ನೋಡಿಬಿಡಿ.

ನೇಮಕಾತಿ ಪತ್ರ ಕೇಳಿ. 'ಆಮೇಲೆ ಕೊಡ್ತೀವಿ' ಅಂದರೆ ಸೇರಬೇಡಿ. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಸಾಕು, ಒರಿಜಿನಲ್ ಕೊಡಲೇಬೇಡಿ. ಅಡುಗೆಮನೆಯ ಹುಡುಗನೊಬ್ಬನದು ಮ್ಯಾನೇಜರ್ ಕಪಾಟಿನಲ್ಲೇ ಇತ್ತು, ಹಾಗಾಗಿ ಬಿಡಬೇಕೆಂದರೂ ಬಿಡಲಾಗದೆ ಉಳಿದ. ಜೂನ್‌ನಲ್ಲಿ ಬಾಗಿಲು ಹಾಕಿದರೆ ಸಂಬಳ ಉಂಟೋ ಇಲ್ಲವೋ, ಅದನ್ನೂ ಬರೆಸಿಕೊಳ್ಳಿ.

ನನ್ನ ಕೊನೆಯ ತಿಂಗಳ ಸಂಬಳ ಇನ್ನೂ ಬಂದಿಲ್ಲ. ಕಡಿತದ ಪುಟದ ಫೋಟೊ ಇಟ್ಟುಕೊಂಡಿದ್ದೆ, ಅದನ್ನು ಲಗತ್ತಿಸಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದ್ದೇನೆ.