ಮಿಲ್‌ಬರ್ನ್ ಹಳ್ಳಿಯ ಗಾಳಿ ಮತ್ತು ಮೆಟ್ ಆಫೀಸಿನ ಮುನ್ಸೂಚನೆ: ಒಂದು ವಿಮರ್ಶೆ

ಇಂಗ್ಲೆಂಡಿನ ಕಂಬ್ರಿಯಾದಲ್ಲಿ, ಪೆನೈನ್ ಬೆಟ್ಟಸಾಲಿನ ಪಶ್ಚಿಮದ ಬುಡದಲ್ಲಿರುವ ಮಿಲ್‌ಬರ್ನಿನಂಥ ಚಿಕ್ಕ ಹಳ್ಳಿಗೂ ಬ್ರಿಟನ್ನಿನ ಹವಾಮಾನ ಸಂಸ್ಥೆಯಾದ ಮೆಟ್ ಆಫೀಸ್ ಗಂಟೆಗಂಟೆಯ ಗಾಳಿಯ ಮುನ್ಸೂಚನೆಯನ್ನು ಉಚಿತವಾಗಿ ಕೊಡುತ್ತದೆ. ಸೇವೆ ಒಳ್ಳೆಯದೇ, ಆದರೆ ಈ ಹಳ್ಳಿಯ ಮಟ್ಟಿಗೆ ಅದನ್ನು ಓದುವ ಕ್ರಮವೇ ಬೇರೆ.

ಜಾಲತಾಣದ ಮುನ್ಸೂಚನೆಯ ಪುಟದಲ್ಲಿ ದಿಕ್ಕು, ವೇಗ ಮತ್ತು ಗಸ್ಟ್ ಎಂಬ ಮೂರು ವಿವರಗಳಿರುತ್ತವೆ. ವೇಗವೆಂದರೆ ತೆರೆದ ಬಯಲಿನಲ್ಲಿ ನೆಲದಿಂದ 10 ಮೀಟರ್ ಎತ್ತರದಲ್ಲಿ ಬೀಸುವ ಗಾಳಿಯ ಸರಾಸರಿ. ಗಸ್ಟ್ ಎಂದರೆ ಕೆಲವೇ ಸೆಕೆಂಡು ಬಂದುಹೋಗುವ ರಭಸ. ಎರಡೂ ಗಂಟೆಗೆ ಮೈಲಿಯ ಲೆಕ್ಕದಲ್ಲಿರುವುದರಿಂದ, ಕಿಲೋಮೀಟರಿಗೆ ಒಗ್ಗಿದ ನಮ್ಮವರು 40 ಎಂಬುದನ್ನು 64 ಎಂದು ಓದಿಕೊಳ್ಳಬೇಕು. ಗಾಳಿಯ ಬಲವನ್ನು ಹಂತಹಂತವಾಗಿ ವಿಂಗಡಿಸುವ ಬ್ಯೂಫೋರ್ಟ್ ಮಾಪಕದಲ್ಲಿ ‘ಗೇಲ್’ ಎಂಬ ಬಲವಾದ ಗಾಳಿ 39 ಮೈಲಿಯಿಂದ ಆರಂಭವಾಗುತ್ತದೆಯಾದರೂ ಅದು ಸರಾಸರಿ ವೇಗದ ಲೆಕ್ಕ. ಗಸ್ಟ್ 40 ಎಂದು ಕಂಡ ಮಾತ್ರಕ್ಕೆ ಗೇಲ್ ಬೀಸುತ್ತಿದೆ ಎಂದು ತಿಳಿಯಬೇಕಾಗಿಲ್ಲ.

ಮಿಲ್‌ಬರ್ನಿನಲ್ಲಿ ಮೊದಲು ನೋಡಬೇಕಾದದ್ದು ದಿಕ್ಕನ್ನು. ಬ್ರಿಟನ್ನಿನಲ್ಲಿ ಸ್ವಂತ ಹೆಸರುಳ್ಳ ಏಕೈಕ ಗಾಳಿಯೆಂದು ಹೇಳಲಾಗುವ ‘ಹೆಲ್ಮ್ ವಿಂಡ್’ ಬೀಸುವುದು ಇಲ್ಲೇ. ಹಳ್ಳಿಯಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ 893 ಮೀಟರ್ ಎತ್ತರದ ಕ್ರಾಸ್ ಫೆಲ್ ಶಿಖರವಿದೆ. ಈಶಾನ್ಯದ ಗಾಳಿ ಈ ಸಾಲನ್ನು ಏರಿ ಬರುವಾಗ ಮೇಲುಗಡೆ ಬೆಚ್ಚಗಿನ, ಸ್ಥಿರವಾದ ವಾಯುಪದರವೊಂದು ಮುಚ್ಚಳದಂತೆ ಕುಳಿತಿದ್ದರೆ, ಗಾಳಿ ಮೇಲಕ್ಕೆ ಹೋಗಲಾರದೆ ಕಡಿದಾದ ನೈಋತ್ಯದ ಇಳಿಜಾರಿನಲ್ಲಿ ವೇಗ ಹೆಚ್ಚಿಸಿಕೊಂಡು ಧುಮುಕುತ್ತದೆ. ಶಿಖರದ ಮೇಲೆ ಟೋಪಿಯಂಥ ಮೋಡವೂ, ಕಣಿವೆಯ ಮೇಲೆ ಬೆಟ್ಟಸಾಲಿಗೆ ಸಮಾನಾಂತರವಾಗಿ ‘ಹೆಲ್ಮ್ ಬಾರ್’ ಎಂಬ ಉದ್ದನೆಯ ಮೋಡವೂ ಅಲುಗಾಡದೆ ನಿಲ್ಲುತ್ತವೆ. ಬಾರ್‌ನ ಆಚೆ ಗಾಳಿ ಬಹುತೇಕ ಅಡಗಿರುತ್ತದೆ. 1930ರ ದಶಕದ ಕೊನೆಯಲ್ಲಿ ಹವಾಮಾನ ತಜ್ಞ ಗಾರ್ಡನ್ ಮ್ಯಾನ್ಲಿ ಈ ಗಾಳಿಯನ್ನು ಅದೇ ಸಾಲಿನ ಗ್ರೇಟ್ ಡನ್ ಫೆಲ್ ಶಿಖರದ ಮೇಲಿನ ಗುಡಿಸಲಿನಿಂದ ಅಳೆದು ವಿವರಿಸಿದರು. ಅಲ್ಲಿನ ಚಳಿಗಾಲದಲ್ಲಿ ಆ ಕೆಲಸಕ್ಕೆ ಹವಾಮಾನದ ಆಸಕ್ತಿಯೊಂದೇ ಸಾಲದು, ಗಟ್ಟಿ ಮೈಯೂ ಬೇಕು.

ಬ್ರಿಟನ್ನಿನ ಹವೆಯನ್ನು ಲೆಕ್ಕಹಾಕುವ ಮೆಟ್ ಆಫೀಸಿನ ಕಂಪ್ಯೂಟರ್ ಮಾದರಿಯ ಜಾಲದ ಒಂದೊಂದು ಚೌಕ ಸುಮಾರು 1.5 ಕಿಲೋಮೀಟರಿನದು. ಇಳಿಜಾರಿನ ಒಟ್ಟು ಆಕಾರ ಅದಕ್ಕೆ ಗೊತ್ತಾಗುತ್ತದೆ, ಆದ್ದರಿಂದ ಈಶಾನ್ಯದ ಗಾಳಿ ಬರುವ ದಿನವನ್ನು ಅದು ಹಿಡಿಯಬಲ್ಲದು ಎಂದು ನಂಬಬಹುದು. ಆದರೆ ಗಾಳಿ ಎಲ್ಲಿ ಅಡಗುತ್ತದೆ ಎಂಬ ಗಡಿ ಒಂದೆರಡು ಕಿಲೋಮೀಟರ್ ಅತ್ತಿತ್ತ ಸರಿದರೂ ಹಳ್ಳಿಯ ಅನುಭವವೇ ಬದಲಾಗುವುದರಿಂದ, ಅಂಥ ದಿನ ಒಂದೇ ಅಂಕಿಯನ್ನು ನಿಖರವೆಂದು ನೆಚ್ಚುವುದು ಸರಿಯಲ್ಲ. ನೈಋತ್ಯದ 25 ಮೈಲಿಗೂ ಈಶಾನ್ಯದ 25 ಮೈಲಿಗೂ ಇಲ್ಲಿ ಅಜಗಜಾಂತರ, ಪುಟವಾದರೋ ಎರಡನ್ನೂ ಒಂದೇ ಬಗೆಯಲ್ಲಿ ತೋರಿಸುತ್ತದೆ. ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಕೊರತೆ ಇದೇ. ದಿಕ್ಕಿನ ಮಹತ್ವಕ್ಕೆ ಬೇರೆ ಸಾಕ್ಷಿಯೂ ಇದೆ: 2021ರ ನವೆಂಬರಿನ ಆರ್ವೆನ್ ಬಿರುಗಾಳಿ ಈಶಾನ್ಯದಿಂದ ಬಂದು, ಪಶ್ಚಿಮದ ಗಾಳಿಗೆ ಹೊಂದಿಕೊಂಡು ಬೇರೂರಿದ್ದ ಅಸಂಖ್ಯ ಮರಗಳನ್ನು ಉತ್ತರ ಬ್ರಿಟನ್ನಿನಲ್ಲಿ ಉರುಳಿಸಿತು.

ಈ ಕೊರತೆಯನ್ನು ತುಂಬುವ ಸಾಧನವೂ ಅದೇ ಸಂಸ್ಥೆಯಲ್ಲಿದೆ. ಗ್ರೇಟ್ ಡನ್ ಫೆಲ್ ಶಿಖರದಲ್ಲೂ ಕೆಳಗಿನ ಈಡನ್ ಕಣಿವೆಯ ವಾರ್ಕಪ್‌ನಲ್ಲೂ ಇರುವ ವೀಕ್ಷಣಾ ಕೇಂದ್ರಗಳ ಅಳತೆಗಳನ್ನು ಮುನ್ಸೂಚನೆಯ ಜೊತೆಗಿಟ್ಟು ನೋಡಿದರೆ ಆ ಹೊತ್ತಿನ ಚಿತ್ರ ಬಹಳ ಸ್ಪಷ್ಟವಾಗುತ್ತದೆ. ಹಳದಿ, ಅಂಬರ್, ಕೆಂಪು ಎಚ್ಚರಿಕೆಗಳಿಗೆ ಮಾತ್ರ ಕಾದು ಕೂರಬಾರದು. ಅವು ಹಾನಿಯ ಪ್ರಮಾಣ ಮತ್ತು ಸಾಧ್ಯತೆಯನ್ನು ತೂಗಿ ಹೊರಡುವಂಥವಾದ್ದರಿಂದ, ಬೆಟ್ಟದ ಬುಡದ ಕೆಲವೇ ಹಳ್ಳಿಗಳಿಗೆ ಸೀಮಿತವಾದ ಗಾಳಿಗೆ ಎಚ್ಚರಿಕೆ ಬರದೇ ಇರಬಹುದು. ನೈಋತ್ಯದ ಸಾಮಾನ್ಯ ಗಾಳಿಯ ದಿನಗಳಿಗೆ ಈ ಪುಟವೊಂದೇ ಸಾಕು. ಈಶಾನ್ಯವೆಂದು ಕಂಡ ದಿನ ಡೇರೆ ಹಾಕುವವರು, ಎತ್ತರದ ಗಾಡಿ ಓಡಿಸುವವರು ಗಸ್ಟಿನ ಅಂಕಿಯನ್ನೇ ಲೆಕ್ಕಕ್ಕೆ ಹಿಡಿದು, ಹೊರಡುವ ಮುನ್ನ ಕ್ರಾಸ್ ಫೆಲ್ ಕಡೆ ಟೋಪಿ ಮೋಡವಿದೆಯೇ ಎಂದು ನೋಡಿಕೊಳ್ಳುವುದು ಒಳಿತು.